ರಿಮ್‌ಫೈರ್ ಫೀಲ್ಡ್ ಶೂಟಿಂಗ್ ಸರಣಿ: 50 ಮೀಟರಿನ ಕಾಗದದಿಂದ ಉಕ್ಕಿನ ಫಲಕಕ್ಕೆ ಬರುವವರು ಮೊದಲು ಏನನ್ನು ಕಲಿಯಬೇಕು?

ಹೊಸ ಸ್ಪರ್ಧಿ (ಮೂಲ ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಹಲವು ವರ್ಷಗಳಿಂದ ನಾನು .22 ರೈಫಲ್‌ನಲ್ಲಿ 50 ಮೀಟರ್ ಪ್ರೋನ್ (ಮಲಗಿ ಹೊಡೆಯುವ) ಸ್ಪರ್ಧೆಗಳಲ್ಲಿ ಭಾಗವಹಿಸುತ್ತ ಬಂದಿದ್ದೇನೆ. ಆ ಗುರಿಯಲ್ಲಿ ಹತ್ತರ ವೃತ್ತದ ಅಡ್ಡಳತೆ ಕೇವಲ 10.4 ಮಿಲಿಮೀಟರ್ ಆದರೂ ದೂರ ಬದಲಾಗುವುದಿಲ್ಲ, ಭಂಗಿ ಬದಲಾಗುವುದಿಲ್ಲ, ಗಾಳಿ ಸರಿಹೋಗುವವರೆಗೆ ಕಾಯುವುದಕ್ಕೂ ಸಮಯ ಇರುತ್ತದೆ. ಈ ಬಾರಿ ರಿಮ್‌ಫೈರ್ (.22ರಂಥ ಸಣ್ಣ ತೋಟಾದ) ಫೀಲ್ಡ್ ಶೂಟಿಂಗ್ ಸರಣಿಯೊಂದಕ್ಕೆ ಹೆಸರು ಕೊಟ್ಟಿದ್ದೇನೆ. ಅದರ ನಿಯಮಾವಳಿಯನ್ನು ಓದಿದಾಗ ಇದು ಬೇರೆಯದೇ ಕ್ರೀಡೆ ಎನ್ನಿಸಿತು. ಪ್ರತಿ ಸ್ಟೇಜಿಗೆ (ಸುತ್ತಿನೊಳಗಿನ ಒಂದು ಹಂತಕ್ಕೆ) ಎರಡು ನಿಮಿಷ, ಹತ್ತು ಗುಂಡು. 15 ಮೀಟರಿನ ಕಾಗದದ ಚುಕ್ಕೆಯಿಂದ ಹಿಡಿದು 200 ಮೀಟರಿನ ಉಕ್ಕಿನ ಫಲಕದವರೆಗೆ ಗುರಿಗಳು. ಹೊಡೆಯಬೇಕಾದ ಜಾಗಗಳೆಂದರೆ ಏಣಿಯ ಮೆಟ್ಟಿಲು, ಮರದ ತಡೆಗೋಡೆ, ಟೈರುಗಳ ರಾಶಿ, ಕುರ್ಚಿಯ ಬೆನ್ನು.

ನನ್ನ ಪ್ರಶ್ನೆಗಳು ಮೂರು. ನನ್ನ ಭಾರವಾದ ಟಾರ್ಗೆಟ್ ರೈಫಲ್‌ಗೆ ಸ್ಕೋಪ್ ಕೂರಿಸಿಕೊಂಡರೆ ಸಾಕೇ, ಅಥವಾ ಬೇರೆ ರೈಫಲ್ ಬೇಕೇ? ತೋಟಾದ ಆಯ್ಕೆಗೆ ಎಷ್ಟು ಗಮನ ಕೊಡಬೇಕು? ಮೊದಲ ಸುತ್ತಿಗೆ ಇನ್ನು ಕೆಲವೇ ವಾರಗಳಿವೆ; ಆ ಸಮಯವನ್ನು ಯಾವ ಅಭ್ಯಾಸಕ್ಕೆ ಮೀಸಲಿಡುವುದು ಒಳ್ಳೆಯದು?

ಹಳೆಯ ಸ್ಪರ್ಧಿ

ಮೂರನೆಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಮೊದಲೆರಡಕ್ಕೆ ಉತ್ತರ ಅದರಲ್ಲೇ ಅಡಗಿದೆ. ಫೀಲ್ಡ್ ಸರಣಿಯಲ್ಲಿ ಅಂಕಗಳು ಹೋಗುವುದು ಬಹುಪಾಲು ಗುಂಡು ಹಾರುವ ಮೊದಲೇ. ಸ್ಪರ್ಧಿಯು ತಡೆಗೋಡೆಯ ಬಳಿಗೆ ಬಂದು, ಆಸರೆಯ ಚೀಲವನ್ನು ಇಟ್ಟು, ರೈಫಲನ್ನು ಅದರ ಮೇಲೆ ಕೂರಿಸಿ, ಸ್ಕೋಪಿನೊಳಗೆ ಗುರಿಯನ್ನು ಹುಡುಕಿಕೊಂಡು, ಮೈಯನ್ನು ಸ್ಥಿರಗೊಳಿಸಿಕೊಳ್ಳುವ ಆ ಹತ್ತು ಹದಿನೈದು ಸೆಕೆಂಡುಗಳಲ್ಲಿ ಏನು ನಡೆಯುತ್ತದೆ ಎಂಬುದೇ ಸ್ಟೇಜಿನ ಫಲಿತಾಂಶವನ್ನು ನಿರ್ಧರಿಸುತ್ತದೆ. ಎರಡು ನಿಮಿಷದಲ್ಲಿ ನಾಲ್ಕು ಜಾಗಗಳಿಂದ ಹೊಡೆಯಬೇಕಾದರೆ ಜಾಗವೊಂದಕ್ಕೆ ಮೂವತ್ತು ಸೆಕೆಂಡು ಸಿಗುತ್ತದೆ. ಅದರಲ್ಲಿ ಅರ್ಧದಷ್ಟು ಚೀಲ ಸರಿಪಡಿಸುವುದರಲ್ಲೇ ಕಳೆದರೆ, ಉಳಿದ ಗುಂಡುಗಳಿಗೆ ಅವಸರ ತಪ್ಪಿದ್ದಲ್ಲ.

ಪ್ರೋನ್ ಸ್ಪರ್ಧೆಯಿಂದ ಬಂದ ನಿಮ್ಮ ಬಳಿ ಒಂದು ದೊಡ್ಡ ಆಸ್ತಿ ಇದೆ: ಮೈಯ ಸಹಜ ದಿಕ್ಕನ್ನು ಗುರಿಗೆ ಹೊಂದಿಸಿಕೊಳ್ಳುವ ಅಭ್ಯಾಸ. ಕಣ್ಣು ಮುಚ್ಚಿ, ಉಸಿರು ಬಿಟ್ಟು, ಮತ್ತೆ ಕಣ್ಣು ತೆರೆದಾಗ ರೆಟಿಕಲ್ (ಸ್ಕೋಪಿನೊಳಗಿನ ಗುರಿಗೆರೆಗಳು) ಎಲ್ಲಿ ನಿಂತಿದೆ ಎಂದು ನೋಡುವುದನ್ನು ನೀವು ಮಲಗಿದ ಭಂಗಿಯಲ್ಲಿ ಸಾವಿರಾರು ಬಾರಿ ಮಾಡಿರುತ್ತೀರಿ. ಅದನ್ನೇ ಮಂಡಿಯೂರಿ, ಕುಳಿತು, ನಿಂತು, ಬಾಗಿ ಮಾಡಬೇಕು. ಸ್ನಾಯುವಿನ ಬಲದಿಂದ ರೆಟಿಕಲನ್ನು ಫಲಕದ ಮೇಲೆ ಎಳೆದು ಹಿಡಿದರೆ, ಗುಂಡು ಸಿಡಿದ ಕ್ಷಣದಲ್ಲಿ ಸ್ನಾಯು ಸಡಿಲಗೊಂಡು ರೈಫಲ್ ತನ್ನ ಸಹಜ ದಿಕ್ಕಿಗೆ ಮರಳುತ್ತದೆ. ವೇಗದ ತೋಟಾಗಳಲ್ಲಿ ಆ ದೋಷ ಸ್ವಲ್ಪ ಮುಚ್ಚಿಹೋಗಬಹುದು; .22 ಗುಂಡು ನಳಿಕೆಯಲ್ಲಿ ಹೆಚ್ಚು ಹೊತ್ತು ಇರುವುದರಿಂದ ಇಲ್ಲಿ ಅದು ಫಲಕದ ಅಂಚಿನಾಚೆ ಎದ್ದು ಕಾಣುತ್ತದೆ. ಟ್ರಿಗರ್ ಒತ್ತಿದ ಬೆರಳನ್ನು ಹಾಗೆಯೇ ಹಿಡಿದು, ಗುಂಡು ಫಲಕವನ್ನು ಮುಟ್ಟುವುದನ್ನು ಸ್ಕೋಪಿನೊಳಗೇ ನೋಡುವವರೆಗೆ ಅಲುಗಾಡಬಾರದು. 100 ಮೀಟರಿಗೆ ಗುಂಡು ತಲುಪಲು ಸೆಕೆಂಡಿನ ಮೂರನೇ ಒಂದು ಭಾಗ ಬೇಕು, 200 ಮೀಟರಿಗೆ ಸುಮಾರು 0.7 ಸೆಕೆಂಡು. ಹಿಮ್ಮೆಟ್ಟು ಬಹಳ ಕಡಿಮೆ ಇರುವುದರಿಂದ ಗುಂಡು ಎಲ್ಲಿ ಬಿತ್ತೆಂಬುದನ್ನು ಸ್ಪರ್ಧಿಯೇ ಕಂಡುಕೊಂಡು ಮುಂದಿನ ಗುಂಡನ್ನು ತಿದ್ದಿಕೊಳ್ಳಬಹುದು. ರಿಮ್‌ಫೈರ್ ಕೊಡುವ ಈ ಅನುಕೂಲವನ್ನು ಬಳಸಿಕೊಳ್ಳದೆ ತಲೆ ಎತ್ತುವವರನ್ನು ಪ್ರತಿ ಸುತ್ತಿನಲ್ಲೂ ನೋಡುತ್ತೇನೆ.

ರೈಫಲ್ ಕುರಿತು ಹೇಳುವುದಾದರೆ, ನಿಮ್ಮಲ್ಲಿರುವುದನ್ನೇ ತನ್ನಿ. ಆದರೆ ಅದು ಒಂದೊಂದೇ ತೋಟಾ ಹಾಕುವ ರೈಫಲ್ ಆಗಿದ್ದರೆ ಎರಡು ನಿಮಿಷದ ಸ್ಟೇಜಿನಲ್ಲಿ ಕಷ್ಟವಾಗುತ್ತದೆ. ಮ್ಯಾಗಜೀನ್ ಇರುವುದು ಬೇಕೇ ಬೇಕು. ಸಿಝಡ್ 457, ಟಿಕ್ಕಾ ಟಿ1ಎಕ್ಸ್ ಮುಂತಾದ ಬೋಲ್ಟ್ ರೈಫಲ್‌ಗಳು (ಪ್ರತಿ ಗುಂಡಿನ ನಂತರ ಬೋಲ್ಟನ್ನು ಕೈಯಿಂದ ಎಳೆದು ತಳ್ಳುವಂಥವು) ಈ ಆಟದಲ್ಲಿ ಹೆಚ್ಚಾಗಿ ಕಾಣುವುದಕ್ಕೆ ಅದೂ ಒಂದು ಕಾರಣ. ಸ್ಕೋಪಿನಲ್ಲಿ ನೋಡಬೇಕಾದ ಮುಖ್ಯ ಗುಣ ಪ್ಯಾರಲ್ಯಾಕ್ಸ್ (ಕಣ್ಣು ಸರಿದಾಗ ರೆಟಿಕಲ್ ಗುರಿಯ ಮೇಲೆ ಸರಿದಂತೆ ಕಾಣುವ ದೋಷದ ಹೊಂದಾಣಿಕೆ) ಎಷ್ಟು ಹತ್ತಿರಕ್ಕೆ ಹೊಂದುತ್ತದೆ ಎಂಬುದು. ದೊಡ್ಡ ರೈಫಲ್‌ಗಳಿಗಾಗಿ ಮಾಡಿದ ಎಷ್ಟೋ ಸ್ಕೋಪ್‌ಗಳು 50 ಮೀಟರಿಗಿಂತ ಹತ್ತಿರದ ಗುರಿಯನ್ನು ಮಸುಕಾಗಿಯೇ ತೋರಿಸುತ್ತವೆ.

ತೋಟಾ ಪರೀಕ್ಷಿಸುವವರು

ಭಂಗಿಯ ಕುರಿತು ಮೇಲೆ ಬರೆದಿರುವುದನ್ನು ಒಪ್ಪುತ್ತೇನೆ. ಆದರೆ ತೋಟಾವನ್ನು ಹಿಂದಕ್ಕೆ ತಳ್ಳುವುದು ಸರಿಯಲ್ಲ ಎಂದು ನನ್ನ ನಂಬಿಕೆ. ರಿಮ್‌ಫೈರ್ ತೋಟಾದಲ್ಲಿ ಸಿಡಿಯುವ ಮಿಶ್ರಣವು ಕವಚದ ಅಂಚಿನೊಳಗೇ ಇರುವುದರಿಂದ ಅದನ್ನು ಮನೆಯಲ್ಲಿ ಮರುತುಂಬಿಸಿ ಸುಧಾರಿಸಿಕೊಳ್ಳುವ ಅವಕಾಶ ಸ್ಪರ್ಧಿಗೆ ಇಲ್ಲ. ಕಾರ್ಖಾನೆ ಕೊಟ್ಟದ್ದನ್ನೇ ಹೊಡೆಯಬೇಕು. ನಮ್ಮ ಕೈಯಲ್ಲಿರುವುದು ಆಯ್ಕೆ ಮಾತ್ರ. ಒಂದೇ ಹೆಸರಿನ ಎರಡು ಲಾಟ್‌ಗಳು (ಒಮ್ಮೆಗೆ ಒಟ್ಟಾಗಿ ತಯಾರಾದ ತೋಟಾಗಳ ಕಂತುಗಳು) ಒಂದೇ ನಳಿಕೆಯಲ್ಲಿ ಬೇರೆ ಬೇರೆಯಾಗಿ ವರ್ತಿಸುವುದು ಸಾಮಾನ್ಯ. ಆದ್ದರಿಂದಲೇ ಈಲೀ ಮತ್ತು ಲಾಪುವಾ ಕಂಪನಿಗಳು ಸ್ಪರ್ಧಿಗಳು ತಮ್ಮ ರೈಫಲನ್ನೇ ತಂದು ಲಾಟ್ ಪರೀಕ್ಷಿಸಿಕೊಳ್ಳುವ ವ್ಯವಸ್ಥೆ ಮಾಡಿವೆ.

ಲೆಕ್ಕವನ್ನು ನೋಡಿ. 40 ಗ್ರೇನ್ (ಸುಮಾರು 2.6 ಗ್ರಾಂ) ಗುಂಡು ನಳಿಕೆಯಿಂದ ಸುಮಾರು 325 ಮೀ/ಸೆ ವೇಗದಲ್ಲಿ ಹೊರಡುತ್ತದೆ ಎಂದಿಟ್ಟುಕೊಳ್ಳೋಣ. ಎರಡು ತೋಟಾಗಳ ನಡುವೆ ವೇಗದಲ್ಲಿ 10 ಮೀ/ಸೆ ವ್ಯತ್ಯಾಸವಿದ್ದರೆ 100 ಮೀಟರಿನಲ್ಲಿ ಅವು ಸುಮಾರು 3 ಸೆಂಟಿಮೀಟರ್ ಮೇಲೆ ಕೆಳಗೆ ಬೀಳುತ್ತವೆ, 200 ಮೀಟರಿನಲ್ಲಿ ಸುಮಾರು 14 ಸೆಂಟಿಮೀಟರ್. 50 ಮೀಟರಿನಲ್ಲಿ ಒಂದೇ ತೂತಿಗೆ ಹೋಗುವ ಲಾಟ್ ಕೂಡ ವೇಗ ಸ್ಥಿರವಾಗಿಲ್ಲದಿದ್ದರೆ ದೂರದಲ್ಲಿ ಹೀಗೆ ಕೈಕೊಡುತ್ತದೆ. ಪ್ರೋನ್ ಸ್ಪರ್ಧೆಗೆ ಆರಿಸಿದ ತೋಟಾವನ್ನು ಹಾಗೆಯೇ ತರುವ ಮೊದಲು ಅದನ್ನು ಕ್ರೋನೋಗ್ರಾಫ್ (ಗುಂಡಿನ ವೇಗ ಅಳೆಯುವ ಸಾಧನ) ಮುಂದೆ ಹೊಡೆದು ನೋಡಿ, ಆಮೇಲೆ 100 ಮೀಟರಿನ ಕಾಗದದಲ್ಲಿ ಲಂಬ ಹರಡುವಿಕೆಯನ್ನು ಅಳೆಯಿರಿ.

ಇನ್ನೊಂದು ಮಾತು. .22 ಗುಂಡಿನ ಮೇಲೆ ಮೇಣದಂಥ ಜಾರುಪದಾರ್ಥ ಸವರಿರುತ್ತದೆ, ಅದು ನಳಿಕೆಯ ಒಳಮೈಗೆ ಲೇಪಗೊಳ್ಳುತ್ತದೆ. ಬೇರೆ ತಯಾರಿಕೆಯ ತೋಟಾಕ್ಕೆ ಬದಲಾಯಿಸಿದಾಗಲೂ ನಳಿಕೆಯನ್ನು ಶುಚಿಗೊಳಿಸಿದಾಗಲೂ ಮೊದಲ ಹಲವು ಗುಂಡುಗಳು ಚದುರುವುದು ಅದರಿಂದಲೇ. ಸರಣಿ ಮುಗಿಯುವವರೆಗೆ ಒಂದೇ ತೋಟಾಕ್ಕೆ ಅಂಟಿಕೊಳ್ಳಿ, ಸುತ್ತಿನ ಹಿಂದಿನ ದಿನ ನಳಿಕೆಯನ್ನು ಉಜ್ಜಲು ಹೋಗಬೇಡಿ.

ಹೊಸ ಸ್ಪರ್ಧಿ

ಇಬ್ಬರಿಗೂ ಧನ್ಯವಾದಗಳು. ತೋಟಾದ ವಿಷಯದಲ್ಲಿ ಒಂದು ಸಂದೇಹ ಉಳಿದಿದೆ. 200 ಮೀಟರಿನವರೆಗೆ ಹೊಡೆಯಬೇಕಾಗಿರುವುದರಿಂದ ಹೆಚ್ಚು ವೇಗದ ತೋಟಾ ತೆಗೆದುಕೊಂಡರೆ ಗುಂಡಿನ ಇಳಿತ ಕಡಿಮೆಯಾಗುವುದಲ್ಲವೇ? ಇಳಿತ ಕಡಿಮೆಯಾದಷ್ಟೂ ದೂರದ ಅಂದಾಜಿನಲ್ಲಾಗುವ ತಪ್ಪೂ ಕಡಿಮೆ ಹಾನಿ ಮಾಡಬೇಕು.

ತೋಟಾ ಪರೀಕ್ಷಿಸುವವರು

ಇಳಿತ ಸ್ವಲ್ಪ ಕಡಿಮೆಯಾಗುವುದು ನಿಜ. ಆದರೆ 20 ಡಿಗ್ರಿ ಸೆಲ್ಸಿಯಸ್ ಗಾಳಿಯಲ್ಲಿ ಶಬ್ದದ ವೇಗ 343 ಮೀ/ಸೆ. ಹೆಚ್ಚು ವೇಗದ ತೋಟಾಗಳ ಗುಂಡು ಅದಕ್ಕಿಂತ ಮೇಲೆ ಹೊರಟು, ದಾರಿಯಲ್ಲೇ ಶಬ್ದದ ವೇಗದ ಕೆಳಗೆ ಇಳಿಯುತ್ತದೆ. ಆ ದಾಟುವಿಕೆಯ ಸಮಯದಲ್ಲಿ ಗುಂಡಿನ ಸುತ್ತಲಿನ ಒತ್ತಡ ಏರುಪೇರಾಗಿ ಅದರ ಸ್ಥಿರತೆ ಕೆಡುತ್ತದೆ, ಎಳೆತವೂ ಹೆಚ್ಚಾಗುತ್ತದೆ. ಅಡ್ಡಗಾಳಿ ಗುಂಡನ್ನು ಎಷ್ಟು ಸರಿಸುತ್ತದೆ ಎಂಬುದು ಹಾರಾಟದ ಒಟ್ಟು ಸಮಯಕ್ಕಿಂತ, ಗಾಳಿಯ ಎಳೆತವೇ ಇಲ್ಲದಿದ್ದರೆ ಬೇಕಾಗುತ್ತಿದ್ದ ಸಮಯಕ್ಕೂ ನಿಜವಾದ ಸಮಯಕ್ಕೂ ಇರುವ ಅಂತರವನ್ನು ಅವಲಂಬಿಸಿದೆ. ಹೀಗಾಗಿ ವೇಗದ .22 ತೋಟಾವನ್ನು ಗಾಳಿ ಹೆಚ್ಚು ಸರಿಸುವುದುಂಟು. ಸ್ಪರ್ಧಾ ತೋಟಾಗಳನ್ನು ಶಬ್ದದ ವೇಗಕ್ಕಿಂತ ಕೆಳಗೇ ಇಡುವುದು ಈ ಕಾರಣಕ್ಕೆ.

ಭಂಗಿಯ ಅಭ್ಯಾಸಿ

ತೋಟಾದ ಕುರಿತು ಇಷ್ಟೆಲ್ಲ ಬರೆದ ಮೇಲೆ ಹೊಸಬರು ಹಣವನ್ನೆಲ್ಲ ಅದಕ್ಕೇ ಸುರಿಯಬಹುದೆಂಬ ಆತಂಕ ನನಗಿದೆ, ಆದ್ದರಿಂದ ಭಿನ್ನಾಭಿಪ್ರಾಯ ದಾಖಲಿಸುತ್ತೇನೆ. 100 ಮೀಟರಿನಲ್ಲಿ 3 ಸೆಂಟಿಮೀಟರ್ ಹರಡುವಿಕೆ ಎಂದರೆ 0.3 ಮಿಲ್ (ಒಂದು ಮಿಲ್ ಎಂದರೆ 100 ಮೀಟರಿನಲ್ಲಿ 10 ಸೆಂಟಿಮೀಟರ್ ಆವರಿಸುವ ಕೋನ). ಟೈರಿನ ಮೇಲೆ ಚೀಲವಿಟ್ಟು ಬಾಗಿ ನಿಂತ ಹೊಸ ಸ್ಪರ್ಧಿಯ ರೆಟಿಕಲ್ ಒಂದು ಮಿಲ್‌ಗಿಂತ ಹೆಚ್ಚು ಅಲೆದಾಡುತ್ತಿರುತ್ತದೆ. ದೊಡ್ಡ ದೋಷವನ್ನು ಬಿಟ್ಟು ಸಣ್ಣ ದೋಷವನ್ನು ಮೊದಲು ತಿದ್ದುವುದರಲ್ಲಿ ಅರ್ಥವಿಲ್ಲ. ಮಧ್ಯಮ ದರ್ಜೆಯ, ಸುಲಭವಾಗಿ ಸಿಗುವ ಸ್ಟ್ಯಾಂಡರ್ಡ್ ವೇಗದ ತೋಟಾವನ್ನು ಒಂದೇ ಲಾಟಿನಲ್ಲಿ ಕೊಂಡು, ಉಳಿದ ಹಣವನ್ನು ಅಭ್ಯಾಸದ ತೋಟಾಕ್ಕೆ ಬಳಸುವುದು ಮೊದಲ ವರ್ಷಕ್ಕೆ ಹೆಚ್ಚು ಫಲ ಕೊಡುತ್ತದೆ.

ಅದಕ್ಕಿಂತಲೂ ಮುಖ್ಯವಾದ ಅಭ್ಯಾಸಕ್ಕೆ ತೋಟಾವೇ ಬೇಡ. ಕೋಣೆಯಲ್ಲಿ ಒಂದು ಕುರ್ಚಿ, ಒಂದು ಮಡಚುವ ಏಣಿ, ಗೋಡೆಯ ಮೇಲೆ ಸಣ್ಣ ಚುಕ್ಕೆ, ಗಡಿಯಾರ. ಕೋಣೆಯಲ್ಲಿ ಒಂದೂ ತೋಟಾ ಇಲ್ಲವೆಂದು, ರೈಫಲ್ ಖಾಲಿಯಿದೆಯೆಂದು ಎರಡೆರಡು ಬಾರಿ ನೋಡಿಕೊಂಡ ನಂತರ, ನಿಂತ ಜಾಗದಿಂದ ಹೊರಟು ಭಂಗಿ ಕಟ್ಟಿ, ಟ್ರಿಗರ್ ಒತ್ತಿ, ಬೋಲ್ಟ್ ಎಳೆದು, ಮುಂದಿನ ಮೆಟ್ಟಿಲಿಗೆ ಸರಿಯುವುದನ್ನು ನಿಧಾನವಾಗಿ ಆರಂಭಿಸಿ ಕ್ರಮೇಣ ಚುರುಕುಗೊಳಿಸಬೇಕು. ಕೆಲವು .22 ರೈಫಲ್‌ಗಳಲ್ಲಿ ತೋಟಾ ಇಲ್ಲದೆ ಟ್ರಿಗರ್ ಒತ್ತಿದರೆ ಹೊಡೆಮೊಳೆ (ಫೈರಿಂಗ್ ಪಿನ್) ನಳಿಕೆಯ ಅಂಚಿಗೆ ಬಡಿದು ಅಂಚು ಜಜ್ಜಿಹೋಗುತ್ತದೆ. ತಯಾರಕರ ಕೈಪಿಡಿ ಅನುಮತಿಸದಿದ್ದರೆ ಅಭ್ಯಾಸಕ್ಕೆಂದೇ ಸಿಗುವ ಹುಸಿ ತೋಟಾ ಬಳಸಿ.

ಭಂಗಿ ಕಟ್ಟುವಾಗ ನಾನು ಪಾಲಿಸುವ ಕ್ರಮ ಇದು. ಚೀಲವನ್ನು ಆಸರೆಯ ಮೇಲೆ ಇಡುವ ಮೊದಲೇ ಕಾಲುಗಳನ್ನು ಗುರಿಯ ನೇರಕ್ಕೆ ತರುತ್ತೇನೆ. ರೈಫಲ್ ಚೀಲದ ಮೇಲೆ ತನ್ನ ತೂಕದಲ್ಲೇ ಸಮತೋಲನದಿಂದ ಕೂರುವ ಬಿಂದುವನ್ನು ಮೊದಲೇ ಗುರುತು ಮಾಡಿಕೊಂಡಿರುವುದರಿಂದ ಹುಡುಕಾಟವಿಲ್ಲ. ಸ್ಕೋಪಿನ ವರ್ಧನೆಯನ್ನು ಕಡಿಮೆ ಇಟ್ಟುಕೊಂಡು ಫಲಕವನ್ನು ಕಂಡುಕೊಳ್ಳುತ್ತೇನೆ. ವರ್ಧನೆ ಹೆಚ್ಚಿದಷ್ಟೂ ನೋಟದ ವಿಸ್ತಾರ ಕಿರಿದಾಗಿ, ಎಷ್ಟೋ ಜನ ಗುರಿಯನ್ನು ಹುಡುಕುವುದರಲ್ಲೇ ಅರ್ಧ ಸ್ಟೇಜ್ ಕಳೆಯುತ್ತಾರೆ. ಮೊಣಕೈ ಮಂಡಿಯ ಮೇಲೆ ಊರುವಾಗ ಎಲುಬಿನ ತುದಿ ಎಲುಬಿನ ತುದಿಗೆ ತಾಗದಂತೆ, ಮಾಂಸಲ ಭಾಗದ ಮೇಲೆ ಊರಬೇಕು. ಉಳಿದದ್ದು ಉಸಿರು.

ಗಾಳಿ ಓದುವವರು

ಇಳಿತದ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ಆದರೆ ಇಳಿತ ಪಟ್ಟಿಯಲ್ಲಿ ಬರೆದಿಟ್ಟುಕೊಳ್ಳಬಹುದಾದ ಸಂಗತಿ. 50 ಮೀಟರಿಗೆ ಝೀರೊ ಮಾಡಿ (ಆ ದೂರದಲ್ಲಿ ಗುಂಡು ರೆಟಿಕಲ್‌ನ ನಡುವಿಗೇ ಬೀಳುವಂತೆ ಹೊಂದಿಸಿ), ಸ್ಕೋಪ್ ನಳಿಕೆಗಿಂತ 5 ಸೆಂಟಿಮೀಟರ್ ಮೇಲಿದ್ದರೆ, 100 ಮೀಟರಿಗೆ ಸುಮಾರು 2.2 ಮಿಲ್, 200 ಮೀಟರಿಗೆ ಎಂಟರಿಂದ ಒಂಬತ್ತು ಮಿಲ್ ಏರಿಸಬೇಕಾಗುತ್ತದೆ. 15 ಮೀಟರಿನ ಚುಕ್ಕೆಗೂ ಅರ್ಧ ಮಿಲ್‌ಗಿಂತ ಸ್ವಲ್ಪ ಹೆಚ್ಚು ಏರಿಸಬೇಕು ಎಂಬುದು ಹೊಸಬರಿಗೆ ಆಶ್ಚರ್ಯ ಹುಟ್ಟಿಸುತ್ತದೆ. ಅಷ್ಟು ಹತ್ತಿರದಲ್ಲಿ ಗುಂಡು ಇನ್ನೂ ದೃಷ್ಟಿರೇಖೆಯ ಕೆಳಗೇ ಇರುತ್ತದೆ. ಮೊಬೈಲ್ ತಂತ್ರಾಂಶ ಕೊಡುವ ಅಂಕಿಗಳನ್ನು ಆರಂಭವೆಂದು ಮಾತ್ರ ತಿಳಿದು, ಸಾಧ್ಯವಾದ ಪ್ರತಿ ದೂರದಲ್ಲೂ ಹೊಡೆದು ತಿದ್ದಿಕೊಂಡ ಪಟ್ಟಿಯನ್ನು ರೈಫಲ್‌ಗೋ ಮುಂಗೈಗೋ ಕಟ್ಟಿಕೊಳ್ಳಿ.

ಗಾಳಿಗೆ ಅಂಥ ಪಟ್ಟಿ ಇಲ್ಲ. ಸೆಕೆಂಡಿಗೆ 4 ಮೀಟರ್ ಅಡ್ಡಗಾಳಿ, ಅಂದರೆ ಮುಖಕ್ಕೆ ತಾಗಿ ಎಲೆಗಳನ್ನು ಅಲುಗಿಸುತ್ತಲೇ ಇರುವಷ್ಟು ಗಾಳಿ, 100 ಮೀಟರಿಗೆ ಗುಂಡನ್ನು ಎಂಟೊಂಬತ್ತು ಸೆಂಟಿಮೀಟರ್ ಸರಿಸುತ್ತದೆ. ದೂರ ಇಮ್ಮಡಿಯಾದರೆ ಸರಿತ ಸುಮಾರು ನಾಲ್ಮಡಿ: 200 ಮೀಟರಿಗೆ ಮೂವತ್ತೈದು ಸೆಂಟಿಮೀಟರಿನಷ್ಟು. ಸ್ಪರ್ಧಿಯ ಹತ್ತಿರದ ಗಾಳಿಗೆ ಹೆಚ್ಚು ಗಮನ ಕೊಡಬೇಕು, ಏಕೆಂದರೆ ಅಲ್ಲಿ ಗುಂಡಿಗೆ ಸಿಕ್ಕ ಓರೆ ಉಳಿದ ದೂರವನ್ನೆಲ್ಲ ಜೊತೆಗೇ ಕ್ರಮಿಸುತ್ತದೆ. ಆದರೂ ಫಲಕದ ಬಳಿ ಗಾಳಿ ತಿರುಗಿದೆಯೇ ಎಂದು ನೋಡದೆ ಇರುವಂತಿಲ್ಲ. ನಿಮ್ಮ ಸರದಿ ಬರುವ ಮೊದಲು ಇತರರ ಗುಂಡುಗಳು ಫಲಕದ ಯಾವ ಬದಿಗೆ ಬೀಳುತ್ತಿವೆ ಎಂದು ದುರ್ಬೀನಿನಲ್ಲಿ ನೋಡುತ್ತ ಕುಳಿತರೆ, ನಿಮ್ಮ ಮೊದಲ ಗುಂಡಿಗೇ ಅರ್ಧ ಉತ್ತರ ಸಿಕ್ಕಿರುತ್ತದೆ. ಇದು ನಿಯಮಬದ್ಧ, ಮತ್ತು ಸ್ಕ್ವಾಡಿನಲ್ಲಿ (ಒಟ್ಟಿಗೆ ಹೊಡೆಯುವ ಗುಂಪಿನಲ್ಲಿ) ಯಾರೂ ಇದಕ್ಕೆ ಬೇಸರಿಸುವುದಿಲ್ಲ.

ದೂರ ಹೇಳದೆ ಇಟ್ಟ ಗುರಿಗಳಿದ್ದರೆ ರೆಟಿಕಲ್‌ನಿಂದಲೇ ಅಳೆಯುವುದನ್ನು ಕಲಿತಿರಿ. ಗುರಿಯ ಅಳತೆಯನ್ನು ಮೀಟರಿನಲ್ಲಿ ಹಿಡಿದು ಸಾವಿರದಿಂದ ಗುಣಿಸಿ, ಕಂಡ ಮಿಲ್‌ಗಳಿಂದ ಭಾಗಿಸಬೇಕು. 10 ಸೆಂಟಿಮೀಟರ್ ಫಲಕ 1.25 ಮಿಲ್ ಕಂಡರೆ ದೂರ 80 ಮೀಟರ್. ರೈಫಲ್ ಓರೆಯಾಗದಂತೆ ನೋಡಿಕೊಳ್ಳುವುದಕ್ಕೆ ಸ್ಕೋಪಿನ ಮೇಲೊಂದು ನೀರ್ಮಟ್ಟ ಕೂರಿಸಿ. ಇಳಿಜಾರಿನಲ್ಲೋ ಓರೆಯ ಆಸರೆಯ ಮೇಲೋ ಐದು ಡಿಗ್ರಿ ವಾಲಿದ್ದು ಕಣ್ಣಿಗೆ ತಿಳಿಯುವುದೇ ಇಲ್ಲ. 200 ಮೀಟರಿನಲ್ಲಿ ಅದು ಗುಂಡನ್ನು ಸುಮಾರು 20 ಸೆಂಟಿಮೀಟರ್ ಪಕ್ಕಕ್ಕೆ ಒಯ್ಯುತ್ತದೆ, ಸ್ಪರ್ಧಿಯು ಅದನ್ನು ಗಾಳಿಯೆಂದು ಭಾವಿಸಿ ತಪ್ಪು ತಿದ್ದುಪಡಿ ಮಾಡುತ್ತಾನೆ.

ರೇಂಜ್ ಅಧಿಕಾರಿ

ಮೇಲಿನ ಯಾವ ಉತ್ತರವೂ ಸುರಕ್ಷತೆಯನ್ನು ವಿಸ್ತಾರವಾಗಿ ಮುಟ್ಟಿಲ್ಲದ ಕಾರಣ ಇದನ್ನು ಬರೆಯುತ್ತಿದ್ದೇನೆ. ಪ್ರೋನ್ ಸ್ಪರ್ಧೆಯಲ್ಲಿ ರೈಫಲ್ ಒಮ್ಮೆ ಚಾಪೆಯ ಮೇಲೆ ಕುಳಿತರೆ ಅಲ್ಲೇ ಇರುತ್ತದೆ. ಫೀಲ್ಡ್ ಸ್ಟೇಜಿನಲ್ಲಿ ಸ್ಪರ್ಧಿಯು ಗಡಿಯಾರದ ಒತ್ತಡದಲ್ಲಿ ರೈಫಲ್ ಹಿಡಿದು ಚಲಿಸುತ್ತಾರೆ, ಮತ್ತು ಇದುವೇ ಈ ಕ್ರೀಡೆಯ ನಿಜವಾದ ಅಪಾಯದ ಬಿಂದು. ಒಂದು ಜಾಗದಿಂದ ಇನ್ನೊಂದಕ್ಕೆ ಸರಿಯುವ ಮೊದಲು ಬೋಲ್ಟ್ ಪೂರ್ತಿ ಹಿಂದಿರಬೇಕು, ಬೆರಳು ಟ್ರಿಗರ್ ಕವಚದ ಹೊರಗಿರಬೇಕು, ನಳಿಕೆಯ ತುದಿ ಸದಾ ಗುಂಡುತಡೆಯ ಕಡೆಗಿರಬೇಕು. ಕುರ್ಚಿಯಿಂದ ಏಳುವಾಗ, ತಡೆಗೋಡೆಯ ಎಡಬದಿಯಿಂದ ಬಲಬದಿಗೆ ತಿರುಗುವಾಗ, ಬಿದ್ದ ಚೀಲವನ್ನು ಎತ್ತಲು ಬಾಗುವಾಗ ನಳಿಕೆ ತಿಳಿಯದಂತೆ ಪಕ್ಕಕ್ಕೆ ತಿರುಗುತ್ತದೆ; ನಾವು ಸ್ಪರ್ಧಿಗಳನ್ನು ನಿಲ್ಲಿಸಬೇಕಾಗಿ ಬರುವುದು ಹೆಚ್ಚಾಗಿ ಈ ಮೂರು ಸಂದರ್ಭಗಳಲ್ಲಿ. ಚೀಲ ಬಿದ್ದರೆ ಬೋಲ್ಟ್ ತೆರೆದು ಆಮೇಲೆ ಎತ್ತಿ, ಅಥವಾ ಬಿಟ್ಟೇಬಿಡಿ.

ಟ್ರಿಗರ್ ಒತ್ತಿದಾಗ ತೋಟಾ ಸಿಡಿಯದಿದ್ದರೆ ನಳಿಕೆಯನ್ನು ಗುರಿಯ ಕಡೆಗೇ ಹಿಡಿದು ಕಾದು, ನಂತರ ಬೋಲ್ಟ್ ತೆರೆಯಬೇಕು. ಶಬ್ದ ಎಂದಿಗಿಂತ ಕ್ಷೀಣವಾಗಿ ಕೇಳಿಸಿ ಫಲಕದ ಬಳಿ ಏನೂ ಕಾಣದಿದ್ದರೆ ಮುಂದಿನ ತೋಟಾ ಹಾಕಲೇಬೇಡಿ. ಗುಂಡು ನಳಿಕೆಯೊಳಗೇ ಸಿಕ್ಕಿಕೊಂಡಿರಬಹುದು. ಎರಡು ನಿಮಿಷ ಮುಗಿದುಹೋಗಲಿ, ಅಧಿಕಾರಿಗೆ ಕೈ ಎತ್ತಿ ತಿಳಿಸಿ. ಸೀಸದ ಗುಂಡು ಉಕ್ಕಿಗೆ ಬಡಿದು ಚೂರಾಗಿ ಸಿಡಿಯುವುದರಿಂದ ಕಣ್ಣಿನ ರಕ್ಷಣೆ ನೋಡುವವರಿಗೂ ಕಡ್ಡಾಯ. ಫಲಕಗಳನ್ನು ಸ್ವಲ್ಪ ಕೆಳಕ್ಕೆ ವಾಲಿಸಿ ತೂಗುಹಾಕುವುದು ಆ ಚೂರುಗಳು ನೆಲಕ್ಕೆ ಹೋಗಲಿ ಎಂದು. ಗುಳಿ ಬಿದ್ದ ಫಲಕ ಕಂಡರೆ ಅದು ನಿಮ್ಮ ಸ್ಟೇಜ್ ಅಲ್ಲದಿದ್ದರೂ ನಮಗೆ ಹೇಳಿ, ಬದಲಾಯಿಸುತ್ತೇವೆ.

ಅಂಕ ಬರೆಯುವವರು

ಸರಣಿ ಎಂಬ ಪದದತ್ತ ಯಾರೂ ಗಮನ ಕೊಟ್ಟಂತಿಲ್ಲ. ಒಂದು ಸುತ್ತನ್ನು ಗೆಲ್ಲುವ ಕೌಶಲವೂ ಒಂದು ಸರಣಿಯನ್ನು ನಡೆಸಿಕೊಂಡು ಹೋಗುವ ಕೌಶಲವೂ ಪೂರ್ತಿ ಒಂದೇ ಆಗಿರುವುದಿಲ್ಲ. ಹಲವು ಸರಣಿಗಳಲ್ಲಿ ಪ್ರತಿ ಸುತ್ತಿನ ವಿಜೇತರ ಅಂಕವನ್ನು 100 ಎಂದಿಟ್ಟು ಉಳಿದವರಿಗೆ ಅದರ ಪ್ರತಿಶತ ಕೊಡುತ್ತಾರೆ, ಮತ್ತು ಉತ್ತಮವಾದ ಕೆಲವು ಸುತ್ತುಗಳನ್ನು ಮಾತ್ರ ಅಂತಿಮ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಬಿಟ್ಟುಬಿಡಬಹುದಾದ ಸುತ್ತುಗಳು ಎಷ್ಟೆಂದು ನಿಯಮಾವಳಿಯಲ್ಲಿ ನೋಡಿಕೊಳ್ಳಿ. ಅಮೆರಿಕದ ಎನ್‌ಆರ್‌ಎಲ್22 ಸರಣಿಯಲ್ಲಂತೂ ಪ್ರತಿ ತಿಂಗಳೂ ಒಂದೇ ವಿನ್ಯಾಸದ ಸ್ಟೇಜ್‌ಗಳನ್ನು ಬೇರೆ ಬೇರೆ ಕ್ಲಬ್‌ಗಳಲ್ಲಿ ಹೊಡೆಯುವುದರಿಂದ, ಒಬ್ಬರನ್ನೊಬ್ಬರು ಕಂಡೇ ಇರದ ಸ್ಪರ್ಧಿಗಳ ಅಂಕಗಳನ್ನೂ ಹೋಲಿಸಬಹುದು. ರೈಫಲ್ ಮತ್ತು ಸ್ಕೋಪಿನ ಒಟ್ಟು ಬೆಲೆಗೆ ಮಿತಿ ಹಾಕಿದ ವಿಭಾಗವೂ ಅಲ್ಲಿದೆ. ನನ್ನ ದೃಷ್ಟಿಯಲ್ಲಿ ಇದು ಹೊಸಬರಿಗೆ ಮಾಡಿದ ದೊಡ್ಡ ಉಪಕಾರ.

ಪೂರ್ತಿ ಶೂನ್ಯವಾದ ಸ್ಟೇಜ್ ಒಂದು ಇಡೀ ಸುತ್ತನ್ನು ಮುಳುಗಿಸುತ್ತದೆ. ಆದ್ದರಿಂದ ಕಷ್ಟದ ಸ್ಟೇಜಿನಲ್ಲಿ ಹತ್ತೂ ಗುಂಡು ಹೊಡೆಯಲೇಬೇಕೆಂಬ ಹಟ ಬಿಟ್ಟು, ಆರು ಗುಂಡನ್ನು ಸಾವಧಾನವಾಗಿ ಹೊಡೆದು ಐದನ್ನು ತಾಗಿಸುವವರು ವರ್ಷದ ಕೊನೆಗೆ ಮೇಲಿರುತ್ತಾರೆ. ಒಂದಕ್ಕಿಂತ ಒಂದು ಚಿಕ್ಕದಾಗುತ್ತ ಹೋಗುವ ಫಲಕಗಳ ಸಾಲಿನಲ್ಲಿ, ಒಮ್ಮೆ ತಪ್ಪಿದರೆ ಗಳಿಸಿದ್ದೆಲ್ಲ ಹೋಗುತ್ತದೆ ಎಂಬ ನಿಯಮವಿದ್ದಾಗ, ಎಲ್ಲಿ ನಿಲ್ಲಿಸಬೇಕೆಂಬುದನ್ನು ಗಡಿಯಾರ ಆರಂಭವಾಗುವ ಮೊದಲೇ ತೀರ್ಮಾನಿಸಿರಿ. ಪ್ರತಿ ಸುತ್ತಿನ ನಂತರ ತಪ್ಪಿದ ಗುಂಡುಗಳನ್ನು ಕಾರಣದ ಪ್ರಕಾರ ಬರೆದಿಡಿ: ಗಾಳಿ, ಇಳಿತದ ಅಂಕಿ, ಅಲುಗಾಟ, ಸಮಯ ಮುಗಿದದ್ದು. ಅಂಕಪಟ್ಟಿ ಎಷ್ಟು ತಾಗಿತು ಎಂದಷ್ಟೇ ಹೇಳುತ್ತದೆ, ಏಕೆ ತಾಗಲಿಲ್ಲ ಎಂದು ಹೇಳುವುದಿಲ್ಲ.

ಹೊಸ ಸ್ಪರ್ಧಿ

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಕೃತಜ್ಞತೆಗಳು. ನನ್ನ ರೈಫಲ್‌ಗೆ ಮ್ಯಾಗಜೀನ್ ಇಲ್ಲದಿರುವುದರಿಂದ ಕ್ಲಬ್ಬಿನ ಬೋಲ್ಟ್ ರೈಫಲೊಂದನ್ನು ಮೊದಲ ಸುತ್ತುಗಳಿಗೆ ಪಡೆದುಕೊಳ್ಳುತ್ತೇನೆ. ತೋಟಾದ ವಿಷಯದಲ್ಲಿ ಇಬ್ಬರ ಮಾತನ್ನೂ ಸೇರಿಸಿ, ಮಧ್ಯಮ ದರ್ಜೆಯ ಎರಡು ಮೂರು ಲಾಟ್‌ಗಳನ್ನು 100 ಮೀಟರಿನಲ್ಲಿ ಹೋಲಿಸಿ ಒಂದನ್ನು ಸರಣಿ ಪೂರ್ತಿಗೆ ಕೊಂಡಿಡುವುದೆಂದು ತೀರ್ಮಾನಿಸಿದ್ದೇನೆ. ಕೊನೆಯದಾಗಿ ಒಂದು ಪ್ರಶ್ನೆ: ಸ್ಟೇಜಿನೊಳಗೆ ದೂರ ಬದಲಾದಾಗಲೆಲ್ಲ ಸ್ಕೋಪಿನ ಗುಬುಟು (ಏರಿಕೆ ಹೊಂದಿಸುವ ತಿರುಗಣೆ) ತಿರುಗಿಸಬೇಕೇ, ಅಥವಾ ರೆಟಿಕಲ್‌ನ ಗೆರೆಗಳಿಂದಲೇ ಏರಿಸಿ ಹೊಡೆಯಬೇಕೇ?

ಹಳೆಯ ಸ್ಪರ್ಧಿ

ಜಾಗ ಬದಲಾಯಿಸುವ ಮಧ್ಯೆ ಹೇಗೂ ಕೈ ಬಿಡುವಾಗಿರುವ ಸ್ಟೇಜಿನಲ್ಲಿ ಗುಬುಟು ತಿರುಗಿಸಿ. ಫಲಕದ ನಡುವಿಗೆ ರೆಟಿಕಲ್‌ನ ನಡುವನ್ನೇ ಇಟ್ಟು ಹೊಡೆಯುವುದು ನಿಮ್ಮ ಪ್ರೋನ್ ಅಭ್ಯಾಸಕ್ಕೂ ಹತ್ತಿರ. ಒಂದೇ ಜಾಗದಿಂದ ಮೂರು ನಾಲ್ಕು ದೂರಗಳಿಗೆ ಸರಸರನೆ ಹೊಡೆಯಬೇಕಾದಲ್ಲಿ ನಡುವಿನ ದೂರವೊಂದಕ್ಕೆ ಗುಬುಟು ಹೊಂದಿಸಿಕೊಂಡು, ಹತ್ತಿರದ್ದಕ್ಕೂ ದೂರದ್ದಕ್ಕೂ ಗೆರೆಗಳನ್ನು ಬಳಸಿ. ಗಾಳಿಗೆ ಮಾತ್ರ ಯಾವಾಗಲೂ ಗೆರೆಗಳೇ, ಏಕೆಂದರೆ ಪಕ್ಕದ ಗುಬುಟನ್ನು ತಿರುಗಿಸುವಷ್ಟರಲ್ಲಿ ಗಾಳಿ ಬದಲಾಗಿರುತ್ತದೆ. ಸ್ಟೇಜ್ ಮುಗಿದ ಕೂಡಲೇ, ರೈಫಲ್ ಖಾಲಿಯೆಂದು ಅಧಿಕಾರಿ ನೋಡಿದ ಮೇಲೆ, ಗುಬುಟನ್ನು ಝೀರೊಗೆ ತಂದು ಕೈಯಿಂದ ಮುಟ್ಟಿ ಖಚಿತಪಡಿಸಿಕೊಂಡು ಆಚೆ ಬನ್ನಿ. ಮುಂದಿನ ಸ್ಟೇಜಿನ ಮೊದಲ ಫಲಕ 25 ಮೀಟರಿನದ್ದಾಗಿದ್ದು, ಗುಬುಟು ಇನ್ನೂ 200 ಮೀಟರಿನಲ್ಲೇ ಉಳಿದಿದ್ದರೆ ಗುಂಡು ಫಲಕದ ಮೇಲಿಂದ 20 ಸೆಂಟಿಮೀಟರಿನಷ್ಟು ಎತ್ತರದಲ್ಲಿ ಹಾದುಹೋಗುತ್ತದೆ.